ತಕ್ಕಡಿಗೆ ಹಾಕಿದ ಸೈಕಲು

ದೂರದ ಪ್ರವಾಸಕ್ಕೆ ಎಂಥ ಸೈಕಲು ಬೇಕು ಎಂದು ಮಂಗಳೂರಿನ ಯಾವ ಶೋರೂಮಿನಲ್ಲಿ ಬೇಕಾದರೂ ಕೇಳಿ, ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೊರಟ ಯಾವ ಸವಾರನನ್ನು ಬೇಕಾದರೂ ಕೇಳಿ, ಉತ್ತರ ಒಂದೇ: ಹಗುರ ಇರಬೇಕು. ಹದಿನಾರು ಕೆಜಿ ಎಂದರೆ ಮುಖ ಹುಳ್ಳಗಾಗುತ್ತದೆ, ಹನ್ನೊಂದು ಎಂದರೆ ಪರವಾಗಿಲ್ಲ, ಒಂಬತ್ತರದ್ದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಾರೆ. ಹಗುರದ ಬೆನ್ನಿಗೇ ಉಳಿದ ಉಪದೇಶಗಳೂ ಬರುತ್ತವೆ. ಟಯರು ಸಪೂರ ಇದ್ದಷ್ಟೂ ವೇಗ, ಗೇರು ಹೆಚ್ಚಿದ್ದಷ್ಟೂ ಸಲೀಸು, ಬ್ರೇಕು ಹೈಡ್ರಾಲಿಕ್ಕೇ ಆಗಬೇಕು, ಫ್ರೇಮು ಕಾರ್ಬನ್ನಿನದಾದರೆ ಅದರಂಥದ್ದಿಲ್ಲ. ಒಟ್ಟು ಮೊತ್ತ ಒಳ್ಳೆಯ ಸ್ಕೂಟರೊಂದರ ಬೆಲೆ ದಾಟಿದ ಮೇಲೆಯೇ ಇದು ಟೂರಿಂಗಿಗೆ ಸರಿಯಾದ ಸೈಕಲು ಎಂಬ ಸರ್ಟಿಫಿಕೇಟು ಸಿಗುವುದು.

ಈ ಮಾತುಗಳೆಲ್ಲ ರೇಸಿನಿಂದ ಬಂದವು. ರೇಸಿನಲ್ಲಿ ಅವು ಸರಿಯೇ ಇರಬಹುದು. ಅಲ್ಲಿ ಸವಾರನ ಹಿಂದೆ ಬಿಡಿ ಚಕ್ರಗಳನ್ನು ಹೊತ್ತ ಕಾರು ಬರುತ್ತದೆ. ಅವನ ಬೆನ್ನಿಗೆ ನಂಬರಿನ ಚೀಟಿ ಬಿಟ್ಟರೆ ಹೇಳಿಕೊಳ್ಳುವಂಥ ಹೊರೆ ಇರುವುದಿಲ್ಲ. ಬಟ್ಟೆಬರೆ, ಹತ್ಯಾರು, ನೀರು ಕಟ್ಟಿಕೊಂಡು ಊರಿಂದೂರಿಗೆ ಹೋಗುವವನಿಗೆ ಅದೇ ಉಪದೇಶ ಕೊಟ್ಟರೆ ಅವನ ದುಡ್ಡೂ ಹೋಗುತ್ತದೆ, ಮಂಡಿಯೂ ಹೋಗುತ್ತದೆ. ಪ್ರವಾಸದ ಸೈಕಲನ್ನು ಆರಿಸಬೇಕಾದ್ದು ತೂಕ ನೋಡಿ ಅಲ್ಲ. ಏರಿನಲ್ಲಿ ಅದು ಎಷ್ಟು ನಿಧಾನ ಹೋಗಬಲ್ಲದು ಎಂಬುದನ್ನು ಮೊದಲು ನೋಡಬೇಕು, ಕೆಟ್ಟಾಗ ಎಲ್ಲಿ ರಿಪೇರಿ ಆಗುತ್ತದೆ ಎಂಬುದನ್ನು ಆಮೇಲೆ.

ಈ ಮಾತನ್ನು ಪರೀಕ್ಷಿಸಲು ಸಿದ್ಧಕಟ್ಟೆಗಿಂತ ಒಳ್ಳೆಯ ಜಾಗ ಹುಡುಕಬೇಕಾಗಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ನಡುವಿನ ಪೇಟೆ ಇದು. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪದರಲ್ಲೇ ಒಂದು ಚಡಾವು, ಅದರಾಚೆ ಇಳಿತ, ಗದ್ದೆ, ತೋಡು, ಮತ್ತೆ ಚಡಾವು. ಪೂರ್ವಕ್ಕೆ ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿದರೆ ಚಾರ್ಮಾಡಿ ಘಾಟಿ. ಉತ್ತರಕ್ಕೆ ಮೂಡುಬಿದಿರೆ, ಕಾರ್ಕಳ ದಾಟಿದರೆ ಕುದುರೆಮುಖದ ದಾರಿ, ಇಲ್ಲವೇ ಹೆಬ್ರಿಯಾಗಿ ಆಗುಂಬೆ. ದಕ್ಷಿಣಕ್ಕೆ ಇಳಿದರೆ ಶಿರಾಡಿ ಅಥವಾ ಸಂಪಾಜೆ. ಬಯಲುಸೀಮೆಯ ಮುಖ ನೋಡಬೇಕಾದರೆ ಯಾವುದಾದರೊಂದು ಘಾಟಿ ಹತ್ತಲೇಬೇಕು. ಇದರ ಮೇಲೆ ವರ್ಷಕ್ಕೆ ನಾಲ್ಕು ಮೀಟರಿನ ಆಸುಪಾಸು ಸುರಿಯುವ ಮಳೆ, ಡಾಂಬರಿನ ಅಂಚಿನಿಂದಾಚೆ ಮುರಕಲ್ಲಿನ ಕೆಂಪು ಕೆಸರು. ನಂದಿಬೆಟ್ಟದ ಬೆಳಗಿನಲ್ಲಿ ಮುಚ್ಚಿಹೋಗುವ ತಪ್ಪುಗಳೆಲ್ಲ ಇಲ್ಲಿ ಬಯಲಾಗುತ್ತವೆ.

ಮೊದಲು ತೂಕದ ಮಾತನ್ನೇ ತೆಗೆದುಕೊಳ್ಳೋಣ, ಅದೂ ಲೆಕ್ಕ ಹಾಕಿ. ಸವಾರನ ತೂಕ 65 ಕೆಜಿ, ಸೈಕಲು 16 ಕೆಜಿ, ಸಾಮಾನು ಮತ್ತು ನೀರು ಸೇರಿ 14 ಕೆಜಿ, ಒಟ್ಟು 95 ಎಂದಿಟ್ಟುಕೊಳ್ಳಿ. 100 ಮೀಟರಿಗೆ 8 ಮೀಟರ್ ಏರುವ ಚಡಾವು. ಇಳಿಜಾರು ಹಿಂದಕ್ಕೆ ಎಳೆಯುವುದು, ಟಯರು ಉರುಳಲು ತಿನ್ನುವುದು ಎರಡೂ ಸೇರಿ ಸುಮಾರು 8.3 ಕೆಜಿ ಬಲ ಸದಾ ಎದುರಿಗಿರುತ್ತದೆ. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ರೋಡ್ ಬೈಕನ್ನು ನೋಡಿ. ಅದರ ಅತಿ ಸಣ್ಣ ಗೇರು ಎಂದರೆ ಎದುರು 34 ಹಲ್ಲು, ಹಿಂದೆ 28. ಪೆಡಲು ಒಂದು ಸುತ್ತು ಬಂದರೆ ಸೈಕಲು ಎರಡೂವರೆ ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಅಷ್ಟರಲ್ಲಿ ನಿಮ್ಮ ಪಾದ ಸುತ್ತಿದ ದಾರಿ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಪೆಡಲಿನ ಮೇಲೆ ಸರಾಸರಿ 20 ಕೆಜಿ ಒತ್ತಡ ಬೇಕು, ಸುತ್ತು ಸುತ್ತಿಗೂ, ಘಾಟಿ ಮುಗಿಯುವವರೆಗೂ.

ಇನ್ನು ಉಪದೇಶದಂತೆ ಲಕ್ಷ ಸುರಿದು 9 ಕೆಜಿಯ ಸೈಕಲು ತಂದಿರಿ ಎನ್ನಿ. ಏಳು ಕಿಲೋ ಉಳಿಯಿತು. ಪೆಡಲಿನ ಒತ್ತಡ 20ರಿಂದ ಎಲ್ಲಿಗೆ ಇಳಿಯಿತು? ಹದಿನೆಂಟೂವರೆಗೆ.

ಅದೇ 16 ಕೆಜಿಯ ಸೈಕಲನ್ನು ಇಟ್ಟುಕೊಂಡು, ಎದುರು 24 ಹಲ್ಲು, ಹಿಂದೆ 34 ಹಲ್ಲು ಇರುವಂತೆ ಮಾಡಿಕೊಳ್ಳಿ. ಒಂದು ಸುತ್ತಿಗೆ ಸೈಕಲು ಸಾಗುವುದು ಒಂದೂವರೆ ಮೀಟರಿಗೂ ಕಡಿಮೆ. ಪೆಡಲಿನ ಒತ್ತಡ 11 ಕೆಜಿಯ ಹತ್ತಿರಕ್ಕೆ ಬರುತ್ತದೆ. 24 ಹಲ್ಲಿನ ಎದುರು ಚಕ್ರ ಸಾಮಾನ್ಯ 21 ಗೇರಿನ ಸೈಕಲಿನಲ್ಲಿ ಹೆಚ್ಚಾಗಿ ಮೊದಲೇ ಇರುತ್ತದೆ. 14ರಿಂದ 34 ಹಲ್ಲಿನ ಫ್ರೀವೀಲು ಪೇಟೆಯಲ್ಲಿ ಸಿಗುವ ವಸ್ತು. ಹಿಂದೆ ಗೇರು ಬದಲಿಸುವ ಡೀರೇಲರ್ ಅಷ್ಟು ದೊಡ್ಡ ಹಲ್ಲಿಗೆ ಎಟುಕುವಂಥದ್ದಾಗಿರಬೇಕು, ಅಷ್ಟೇ. ಅಂದರೆ ಲಕ್ಷ ರೂಪಾಯಿ ಒಂದೂವರೆ ಕಿಲೋ ಒತ್ತಡ ಇಳಿಸಿತು, ಎಣ್ಣೆ ಮೆತ್ತಿದ ಒಂದು ಫ್ರೀವೀಲು ಒಂಬತ್ತು ಕಿಲೋ ಇಳಿಸಿತು. ಎರಡೂ ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಒಳ್ಳೆಯದೇ. ಹನ್ನೊಂದರಿಂದ ಹತ್ತೂವರೆಯ ಕಡೆಗೆ ಇಳಿಯುತ್ತದೆ. ಒಂದು ಕಿಲೋಗೂ ಕಡಿಮೆಯ ಆ ಉಳಿತಾಯಕ್ಕೆ ಲಕ್ಷ ಕೊಡುವುದು ಕೊಡುವವರ ಖುಷಿ. ಅದನ್ನು ಅಗತ್ಯ ಎಂದು ಬೇರೆಯವರಿಗೆ ಬೋಧಿಸುವುದು ಮಾತ್ರ ಬೇಡ.

ಈ ಗೇರಿನಲ್ಲಿ ವೇಗ ಎಷ್ಟು ಎಂದರೆ ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಐದು ಕಿಲೋಮೀಟರಿಗೆ ಸ್ವಲ್ಪ ಮೇಲೆ. ನಡೆಯುವವರ ವೇಗ. ರೇಸಿನ ಮನಸ್ಸಿಗೆ ಇದು ಅವಮಾನ. ಆದರೆ ಆ ರೋಡ್ ಬೈಕಿನವನು ಮೂರನೇ ಹೇರ್‌ಪಿನ್ನಿನ ಹೊತ್ತಿಗೆ ಇಳಿದು ದೂಡುತ್ತಿರುತ್ತಾನೆ, ಅದೂ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಕ್ಲೀಟು ಇರುವ ಬೂಟು ಹಾಕಿಕೊಂಡು, ಡಾಂಬರಿನ ಮೇಲೆ ಟಕಟಕ ಎನ್ನಿಸುತ್ತ.

ದೂಡುವುದು ಎಂದಾಗ ನೆನಪಾಗುತ್ತದೆ. 2006–07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲು ಹಂಚಲು ಶುರುಮಾಡಿತು. ಒಳ್ಳೆಯ ಯೋಜನೆ, ಬಯಲುಸೀಮೆಯಲ್ಲಿ ಅದೆಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲು ಮುಟ್ಟಿಸಿದ ಯೋಜನೆ. ನಮ್ಮ ಗುಡ್ಡದ ಊರುಗಳಲ್ಲಿ ಮಾತ್ರ ಆ ಸೈಕಲನ್ನು ತುಳಿದದ್ದಕ್ಕಿಂತ ದೂಡಿದ್ದೇ ಹೆಚ್ಚು. ಕಾರಣ ತೂಕವಲ್ಲ. ಅದಕ್ಕಿದ್ದದ್ದು ಒಂದೇ ಗೇರು, ಅದೂ ಸಮತಟ್ಟಿಗೆ ಹೇಳಿ ಮಾಡಿಸಿದ ಗೇರು. ಎದುರು 44, ಹಿಂದೆ 18 ಹಲ್ಲಿನ ಸಾಮಾನ್ಯ ಸೈಕಲು ಒಂದು ತುಳಿತಕ್ಕೆ ಐದು ಮೀಟರ್ ಹೋಗಲು ನೋಡುತ್ತದೆ. ಚಡಾವಿನಲ್ಲಿ ಅದನ್ನು ತುಳಿಯುವ ಮಗು ಎಲ್ಲಿದೆ? ಅದೇ ಸೈಕಲನ್ನು ಐದು ಕಿಲೋ ಹಗುರ ಮಾಡಿದ್ದರೂ ದೂಡುವುದು ತಪ್ಪುತ್ತಿರಲಿಲ್ಲ.

ಗೇರಿನ ಸಂಖ್ಯೆಯ ಭ್ರಮೆಯೂ ಇಲ್ಲೇ ಮುಗಿಯಲಿ. ಇಪ್ಪತ್ತೊಂದೋ ಇಪ್ಪತ್ತೇಳೋ ಎಂಬುದು ಮುಖ್ಯವೇ ಅಲ್ಲ. ಅವುಗಳಲ್ಲಿ ಅರ್ಧ ಒಂದರ ಮೇಲೊಂದು ಬೀಳುವಂಥವು. ಕೇಳಬೇಕಾದ್ದು ಅತಿ ಸಣ್ಣ ಗೇರಿನಲ್ಲಿ ಒಂದು ಸುತ್ತಿಗೆ ಎಷ್ಟು ಮೀಟರ್ ಎಂದು. ಒಂದೂವರೆ ಮೀಟರಿನ ಆಸುಪಾಸಿದ್ದರೆ ಘಾಟಿಯ ಸೈಕಲು. ಎರಡೂವರೆ ಇದ್ದರೆ ಅದು ಬೇರೆ ಯಾರದೋ ಸೈಕಲು. ಶೋರೂಮಿನ ಹುಡುಗನಿಗೆ ಈ ಪ್ರಶ್ನೆ ಕೇಳಿದರೆ ಸೈಕಲಿನ ತೂಕವನ್ನೇ ಇನ್ನೊಮ್ಮೆ ಹೇಳುತ್ತಾನೆ. ಪಾಪ, ಅವನಿಗೆ ಕಲಿಸಿದ್ದೇ ಅಷ್ಟು.

ರೇಸಿನವರು ಪ್ರವಾಸಿಗೆ ಪಾಠ ಹೇಳುವುದು ಇಂದು ನಿನ್ನೆಯದಲ್ಲ. ಫ್ರಾನ್ಸಿನ ಸೇಂಟ್ ಎಟಿಯೆನ್ ಎಂಬ ಗುಡ್ಡದ ಊರಿನಲ್ಲಿ ಪಾಲ್ ದ ವಿವಿ (1853–1930) ಎಂಬವನಿದ್ದ. ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ಸ್ವಂತ ಪತ್ರಿಕೆ ನಡೆಸುತ್ತಿದ್ದ. ಬೆಟ್ಟ ಹತ್ತುವ ಪ್ರವಾಸಿಗೆ ಒಂದಕ್ಕಿಂತ ಹೆಚ್ಚು ಗೇರು ಬೇಕೇ ಬೇಕು ಎಂದು ಜೀವಮಾನವಿಡೀ ವಾದಿಸಿದ. ಅವನ ಎದುರು ನಿಂತವನು ಆನ್ರಿ ದೆಗ್ರಾಂಜ್, ಮುಂದೆ 1903ರಲ್ಲಿ ಟೂರ್ ದ ಫ್ರಾನ್ಸ್ ಹುಟ್ಟುಹಾಕಿದವನು. ಗೇರು ಬದಲಿಸುವುದೆಲ್ಲ ನಲವತ್ತೈದು ದಾಟಿದವರಿಗೆ, ಗಂಡಸು ಸ್ನಾಯುಬಲದಿಂದ ಗೆಲ್ಲಬೇಕು ಎಂಬುದು ಅವನ ನಿಲುವು. ಅವನ ರೇಸಿನಲ್ಲಿ ಡೀರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ, ವೆಲೋಸಿಯೊ ಸತ್ತು ಏಳು ವರ್ಷ ಕಳೆದ ಮೇಲೆ. ಆಗ ರೇಸಿನವರು ಗೇರೇ ಬೇಡ ಎಂದರು. ಈಗ ರೇಸಿನ ಗೇರೇ ಬೇಕು ಎನ್ನುತ್ತಾರೆ. ಎರಡು ಸಲವೂ ಮೂಟೆ ಕಟ್ಟಿಕೊಂಡು ಗುಡ್ಡ ಹತ್ತುವವನನ್ನು ಕೇಳಿದವರಿಲ್ಲ.

ಹಗುರದ ಪಕ್ಷದವರಲ್ಲಿ ಒಂದು ಗಟ್ಟಿ ವಾದವೂ ಇದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಬ್ರೆವೆ ಎಂಬ ದೂರದ ಸವಾರಿಗಳಲ್ಲಿ ಗಡುವು ಇರುತ್ತದೆ, ಅಲ್ಲಿ ಪ್ರತಿ ಗ್ರಾಮೂ ಲೆಕ್ಕಕ್ಕೆ ಬರುತ್ತದೆ ಎನ್ನುತ್ತಾರೆ. ಗಡುವು ಎಷ್ಟು ನೋಡೋಣ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಗಂಟೆಗೆ ಹದಿನೈದು ಕಿಲೋಮೀಟರಿನ ಸರಾಸರಿ, ಊಟ, ತಿಂಡಿ, ಪಂಕ್ಚರು, ನಿದ್ದೆ ಎಲ್ಲ ಸೇರಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನ 1,200 ಕಿಲೋಮೀಟರಿಗೆ 90 ಗಂಟೆ, ಅಂದರೆ ಇನ್ನೂ ಕಡಿಮೆ ಸರಾಸರಿ. ಈ ಗಡುವುಗಳಲ್ಲಿ ಸೋಲುವವರು ಸೈಕಲಿನ ಎರಡು ಕಿಲೋ ಜಾಸ್ತಿಯಾಗಿ ಸೋಲುವುದು ಅಪರೂಪ. ಹೊಟ್ಟೆ ಕೆಟ್ಟು, ಸೀಟು ಕುಂಡೆಗೆ ಹೊಂದದೆ, ಅಂಗೈ ಮರಗಟ್ಟಿ, ಕಡ್ಡಿ ಮುರಿದು, ದೀಪ ಆರಿ ಸೋಲುತ್ತಾರೆ. ಇದರಲ್ಲಿ ಯಾವುದಕ್ಕೂ ಕಾರ್ಬನ್ ಮದ್ದಲ್ಲ. ಹೋಗಲಿ, ಬ್ರೆವೆಯಲ್ಲಿ ಹಗುರಕ್ಕೆ ಅಷ್ಟಿಷ್ಟು ಬೆಲೆ ಇದೆ ಎಂದೇ ಒಪ್ಪೋಣ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ವೇಣೂರಿನ ಗೊಮ್ಮಟ ನೋಡಿ, ದಾರಿಯಲ್ಲಿ ಎಳನೀರು ಕುಡಿದು, ಸಂಜೆ ಉಜಿರೆ ಮುಟ್ಟುವವನಿಗೆ ಯಾವ ಗಡುವು? ಮಂಗಳೂರಿನಲ್ಲಿ ಅತ್ರಿ ಬುಕ್ ಸೆಂಟರ್ ನಡೆಸುತ್ತಿದ್ದ ಜಿ.ಎನ್. ಅಶೋಕವರ್ಧನರ ಸೈಕಲ್ ಸರ್ಕೀಟಿನ ಬರಹಗಳನ್ನು ಓದಿ. ಅಲ್ಲಿ ತುಂಬಿರುವುದು ಊರು, ಹೊಳೆ, ಒಳದಾರಿ, ಜನ. ಸೈಕಲ್ ಪ್ರವಾಸ ಎಂದರೆ ಅದು.

ಟಯರಿನ ವಿಷಯದಲ್ಲಿ ರೇಸೇ ತನ್ನ ಮಾತು ಬದಲಿಸಿತು, ನಮ್ಮ ಉಪದೇಶಕರು ಬದಲಿಸಲಿಲ್ಲ. ಒಂದು ಕಾಲದಲ್ಲಿ 23 ಮಿಲಿಮೀಟರಿನ ಟಯರೇ ವೇಗದ ಟಯರು ಎಂದವರು 25ಕ್ಕೆ, ಅಲ್ಲಿಂದ 28ಕ್ಕೆ, ಈಗ ಅದರಾಚೆಗೂ ಹೋಗಿದ್ದಾರೆ. ನಯವಲ್ಲದ ರಸ್ತೆಯಲ್ಲಿ ಸಪೂರ ಟಯರಿಗೆ ಬಿಗಿಯಾಗಿ ಗಾಳಿ ಹೊಡೆದರೆ ಪ್ರತಿ ಕಲ್ಲಿಗೂ ಸೈಕಲು, ಸವಾರ ಇಬ್ಬರೂ ಎಗರುತ್ತಾರೆ, ಆ ಎಗರಾಟದಲ್ಲಿ ತುಳಿದ ಶಕ್ತಿ ಪೋಲಾಗುತ್ತದೆ. ಅಗಲ ಟಯರು ಕಡಿಮೆ ಗಾಳಿಯಲ್ಲಿ ಕಲ್ಲನ್ನು ನುಂಗಿಕೊಂಡು ಹೋಗುತ್ತದೆ.

ಆದರೆ ನಮ್ಮಲ್ಲಿ ಅಗಲ ಟಯರು ಬೇಕೆನ್ನುವುದಕ್ಕೆ ಉರುಳುವಿಕೆಯ ವಿಜ್ಞಾನಕ್ಕಿಂತ ದೊಡ್ಡ ಕಾರಣ ಒಂದಿದೆ, ಅದು ಎಕ್ಸ್‌ಪ್ರೆಸ್ ಬಸ್ಸು. ಕರಾವಳಿಯ ರಸ್ತೆಯಲ್ಲಿ ಸೈಕಲು ತುಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎದುರಿನಿಂದ ಒಂದು, ಹಿಂದಿನಿಂದ ಒಂದು, ಎರಡೂ ಟೈಮಿನ ಮೇಲೆ ಓಡುವಂಥವು, ನಡುವೆ ನೀವು. ಹಾರ್ನು ಕಿವಿಗೆ ಬೀಳುವ ಮೊದಲೇ ಡಾಂಬರು ಬಿಟ್ಟು ಇಳಿಯಬೇಕು, ಇಳಿದಲ್ಲಿ ನಾಲ್ಕು ಬೆರಳಿನಷ್ಟು ಆಳದ ಅಂಚು, ಅದರಾಚೆ ಮುರಕಲ್ಲಿನ ಪುಡಿ ಅಥವಾ ಕೆಸರು. 25 ಮಿಲಿಮೀಟರಿನ ಟಯರಿನಲ್ಲಿ ಇಳಿದರೆ ಬೀಳುವುದು ಖಂಡಿತ, ಇಳಿಯದಿದ್ದರೆ ಇನ್ನೂ ಖಂಡಿತ. 40ರಿಂದ 50 ಮಿಲಿಮೀಟರಿನದ್ದಾದರೆ ಇಳಿದು, ಸುಧಾರಿಸಿ, ಮತ್ತೆ ಹತ್ತಬಹುದು. ನಮ್ಮ ರಸ್ತೆಯಲ್ಲಿ ಟಯರಿನ ಅಗಲ ಎಂದರೆ ವೇಗದ ಪ್ರಶ್ನೆಯಲ್ಲ ಮಾರಾಯ್ರೆ, ಪ್ರಾಣದ್ದು. ಇದರ ಜೊತೆಗೆ ಹ್ಯಾಂಡ್ಲಿಗೆ ಒಂದು ಕನ್ನಡಿ. ಮುನ್ನೂರು ರೂಪಾಯಿಯ ಕನ್ನಡಿ ಹಾಕಿಕೊಂಡವನನ್ನು ನೋಡಿ ಗುಂಪಿನವರು ನಗುತ್ತಾರೆ, ಹೊಸಬನಿರಬೇಕು ಎನ್ನುತ್ತಾರೆ. ಮೂವತ್ತು ಸಾವಿರದ ಜಿಪಿಎಸ್ ಪೆಟ್ಟಿಗೆ ಕಟ್ಟಿಕೊಂಡವನನ್ನು ನೋಡಿ ಯಾರೂ ನಗುವುದಿಲ್ಲ. ಹಿಂದಿನಿಂದ ಬರುವ ಬಸ್ಸು ಅದರಲ್ಲಿ ಕಾಣುತ್ತದೆಯೇ?

ಟ್ಯೂಬಿನ ಬಾಯಿ ಎಂಥದ್ದು ಎಂಬುದನ್ನು ಯಾರೂ ಕೇಳಿಕೊಂಡು ಸೈಕಲು ಕೊಳ್ಳುವುದಿಲ್ಲ. ಕೇಳಬೇಕು. ರೋಡ್ ಬೈಕುಗಳಿಗೆ ಬರುವ ಸಪೂರ ಪ್ರೆಸ್ಟಾ ವಾಲ್ವಿಗೆ ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಮೂತಿ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಬೇಕು, ಅದು ಚೀಲದ ಯಾವ ಮೂಲೆಯಲ್ಲಿದೆ ಎಂದು ಮಳೆಯಲ್ಲಿ ಹುಡುಕಬೇಕು. ಸ್ಕೂಟರಿಗೂ ಕಾರಿಗೂ ಇರುವ ಶ್ರೇಡರ್ ವಾಲ್ವಾದರೆ ಎಲ್ಲಿ ಬೇಕಾದರೂ ಗಾಳಿ. ಒಂದು ಸೂಕ್ಷ್ಮ ಇದೆ: ಪ್ರೆಸ್ಟಾಕ್ಕೆ ಕೊರೆದ ರಿಮ್ಮಿನ ತೂತು ಚಿಕ್ಕದು, ಅದರಲ್ಲಿ ಶ್ರೇಡರ್ ಟ್ಯೂಬು ತೂರುವುದಿಲ್ಲ. ಹಾಗಾಗಿ ಇದನ್ನು ನೋಡಬೇಕಾದ್ದು ಚಕ್ರ ಕೊಳ್ಳುವಾಗಲೇ.

ಚಕ್ರದ ಅಳತೆಯೂ ಹಾಗೆಯೇ. ಹಳ್ಳಿಗಳಲ್ಲಿ ಸೈಕಲ್ ಅಂಗಡಿಗಳು ಒಂದೊಂದಾಗಿ ದ್ವಿಚಕ್ರ ಗ್ಯಾರೇಜುಗಳಾಗಿವೆ, ಇದ್ದಲ್ಲಿಯೂ ಸಿಗುವುದು ಮಕ್ಕಳ ಸೈಕಲಿನ ಸಾಮಾನು. ಆದರೂ ಹೋಬಳಿ ಪೇಟೆಗಳಲ್ಲಿ ಈಗಲೂ ಹೆಚ್ಚು ಸುಲಭಕ್ಕೆ ಸಿಗುವುದು 26 ಇಂಚಿನ ಟ್ಯೂಬು, ಟಯರು. ಅದರಲ್ಲಿಯೂ ಎರಡು ಬಗೆ ಇದೆ, ನೆನಪಿರಲಿ. ಅಗಲ ಟಯರಿನ ಗೇರ್ ಸೈಕಲಿನ 26 ಬೇರೆ, ಲೇಡೀಸ್ ಸೈಕಲಿನ 26 ಒಂದೂ ಮೂರೆಂಟಾಂಶ ಬೇರೆ. ಒಂದರ ಟಯರು ಇನ್ನೊಂದಕ್ಕೆ ಆಗದು. ಹೊಸ ಮಾದರಿಯ 700ಸಿ, 27.5 ಅಳತೆಯವು ಒಳ್ಳೆಯ ಚಕ್ರಗಳೇ. ಅವನ್ನು ಆರಿಸುವವರು ಮಡಚುವ ಟಯರೊಂದನ್ನು ಜೊತೆಗೊಯ್ಯಲಿ. ಹಗುರದವರು ಇದನ್ನೇ ಬೇಡ ಎನ್ನುವುದು, ಅರ್ಧ ಕಿಲೋ ಜಾಸ್ತಿಯಂತೆ.

ಇನ್ನು ನನ್ನ ಪಕ್ಷದವರೇ ಹೇಳುವ ಒಂದು ಮಾತನ್ನೂ ಕೆಡವಬೇಕಾಗಿದೆ. ಫ್ರೇಮು ಉಕ್ಕಿನದೇ ಆಗಬೇಕು, ಮುರಿದರೆ ಯಾವ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಾದರೂ ಬೆಸೆಯಬಹುದು ಎಂಬ ಮಾತು. ಅರ್ಧ ಸತ್ಯ. ಗೇಟು, ಗ್ರಿಲ್ಲು ಬೆಸೆಯುವ ಆರ್ಕ್ ವೆಲ್ಡಿಂಗು ಒಳ್ಳೆಯ ಉಕ್ಕಿನ ಫ್ರೇಮಿನ ತೆಳು ಕೊಳವೆಗೆ ತೂತು ಕೊರೆಯುತ್ತದೆ. ಹಿತ್ತಾಳೆ ಹಾಕಿ ಗ್ಯಾಸಿನಲ್ಲಿ ಬೆಸೆಯುವ ಕೈ ಬೇಕು, ಅಂಥವರು ಕಡಿಮೆಯಾಗುತ್ತಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಪ್ರವಾಸದಲ್ಲಿ ಫ್ರೇಮು ಮುರಿಯುವುದು ಬಲು ಅಪರೂಪ. ಮುರಿಯುವುದು ಹಿಂದಿನ ಚಕ್ರದ ಕಡ್ಡಿ, ಅದೂ ಫ್ರೀವೀಲಿನ ಬದಿಯದು. ಸಡಿಲವಾಗುವುದು ಕ್ಯಾರಿಯರಿನ ಬೋಲ್ಟು. ಹಾಗಾಗಿ ಫ್ರೇಮು ಅಲ್ಯುಮಿನಿಯಮ್ಮಿನದೋ ಉಕ್ಕಿನದೋ ಎಂದು ರಾತ್ರಿಯಿಡೀ ಜಗಳಾಡುವ ಬದಲು ಹಿಂದಿನ ಚಕ್ರದ ಕಡ್ಡಿ ಎಣಿಸಿ. ಸವಾರನ ಮತ್ತು ಸಾಮಾನಿನ ಹೆಚ್ಚು ಪಾಲು ಭಾರ ಅದರ ಮೇಲಿದೆ. ಮೂವತ್ತಾರಿದ್ದರೆ ಒಂದು ಮುರಿದಾಗ ಉಳಿದವು ಹಂಚಿಕೊಂಡು ಮುಂದಿನ ಪೇಟೆ ಮುಟ್ಟಿಸುತ್ತವೆ. ಇಪ್ಪತ್ತು ಇಪ್ಪತ್ನಾಲ್ಕು ಕಡ್ಡಿಯ ಅಂದದ ಚಕ್ರದಲ್ಲಿ ಒಂದು ಹೋದರೆ ರಿಮ್ಮು ಬೆಂಡಾಗಿ ಬ್ರೇಕಿಗೆ ತಾಗಿ ನಿಂತೇಬಿಡುತ್ತದೆ. ಕಡ್ಡಿ ಆರೇಳು ಗ್ರಾಮಿನ ವಸ್ತುವೇನೋ ಹೌದು, ಹದಿನಾರು ಕಡ್ಡಿ ತೆಗೆದರೆ ಹಗುರವಾಗುವುದೂ ಹೌದು. ಕಾಣುವ ಕಡೆಯಲ್ಲೆಲ್ಲ ಹೀಗೆಯೇ ಗ್ರಾಮು ಉಳಿಸಲು ಹೋಗಿ ಗಟ್ಟಿತನ ಕಳೆದದ್ದು.

ಕ್ಯಾರಿಯರ್ ಮಾತ್ರ ಉಕ್ಕಿನದೇ ಇರಲಿ. ಅದರ ಸರಳು ದಪ್ಪ, ಅದನ್ನು ಯಾವ ವೆಲ್ಡಿಂಗ್ ಅಂಗಡಿಯವನೂ ಬೆಸೆಯುತ್ತಾನೆ. ಸಾಮಾನು ಕಟ್ಟುವುದನ್ನು ಕಲಿಯಬೇಕಾದರೆ ಹಳೆಯ ಕಾಲದಲ್ಲಿ ಸೈಕಲಿನಲ್ಲಿ ಮೀನು ಮಾರುತ್ತಿದ್ದ ಕಾಕಂದಿರನ್ನು ನೆನೆಯಿರಿ. ಹಿಂದೆ ಮೀನಿನ ಪೆಟ್ಟಿಗೆ, ಅದರಲ್ಲಿ ಮಂಜುಗಡ್ಡೆ, ಹಳೇ ಟ್ಯೂಬು ಉದ್ದಕ್ಕೆ ಸೀಳಿದ ಪಟ್ಟಿಯಲ್ಲಿ ಬಿಗಿದದ್ದು. ಒಂದಿಂಚು ಅಲುಗುತ್ತಿರಲಿಲ್ಲ. ಆ ಪಟ್ಟಿಗೆ ಇವತ್ತೂ ಖರ್ಚಿಲ್ಲ.

ಬ್ರೇಕಿನ ಮಾತು ಕೊಂಚ ಉದ್ದ, ಯಾಕೆಂದರೆ ಇಲ್ಲಿ ಎರಡೂ ಪಕ್ಷದವರು ತಪ್ಪುತ್ತಾರೆ. 95 ಕಿಲೋ ಹೊತ್ತ ಸೈಕಲು ಘಾಟಿಯಲ್ಲಿ ಏಳುನೂರು ಮೀಟರ್ ಕೆಳಕ್ಕಿಳಿದರೆ ಬಿಡುಗಡೆಯಾಗುವ ಶಕ್ತಿ ಎರಡು ಲೀಟರ್ ನೀರನ್ನು ಕುದಿಸುವಷ್ಟು. ಒಂದಷ್ಟು ಗಾಳಿಗೆ ಹೋಗುತ್ತದೆ, ಉಳಿದದ್ದನ್ನು ಬ್ರೇಕೇ ನುಂಗಬೇಕು. ಹಳೆಯ ಸೈಕಲಿನ ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಹಿಡಿಯುವುದೇ ಇಲ್ಲ. ಜೂನ್ ತಿಂಗಳಲ್ಲಿ ಅದರ ಮೇಲೆ ಚಾರ್ಮಾಡಿ ಇಳಿಯುತ್ತೇನೆ ಎನ್ನುವವರಿಗೆ ನಮಸ್ಕಾರ. ಅಲ್ಯುಮಿನಿಯಮ್ ರಿಮ್ಮು ವಾಸಿ, ಆದರೆ ಕೆಂಪು ಕೆಸರಿನ ಮರಳು ರಬ್ಬರಿಗೆ ಅಂಟಿ ರಿಮ್ಮನ್ನೇ ಅರೆಯುತ್ತದೆ. ಕಾರ್ಬನ್ ರಿಮ್ಮಿಗೆ ರಬ್ಬರ್ ಬ್ರೇಕು ಹಾಕಿ ಉದ್ದದ ಘಾಟಿ ಇಳಿದರೆ ಬಿಸಿಗೆ ಪದರ ಬಿಡುವ ಅಪಾಯವೇ ಇದೆ. ಹಾಗಾದರೆ ಡಿಸ್ಕು ಬೇಕು ಎಂಬ ಮಾತು ಸರಿ. ಹೈಡ್ರಾಲಿಕ್ಕೇ ಬೇಕು ಎಂಬುದು ಸರಿಯಲ್ಲ. ಕೆಟ್ಟಾಗ ಅದಕ್ಕೆ ಎಣ್ಣೆ ತುಂಬಿ ಗಾಳಿ ತೆಗೆಯಬೇಕು. ಬೈಕ್ ಗ್ಯಾರೇಜಿನಲ್ಲಿ ಸಿಗುವುದು ಡಾಟ್ ದ್ರವ, ಶಿಮಾನೊ ಬ್ರೇಕಿಗೆ ಬೇಕಾದ್ದು ಖನಿಜ ಎಣ್ಣೆ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳು. ವಯರಿನಿಂದ ಎಳೆಯುವ ಡಿಸ್ಕ್ ಬ್ರೇಕು ಸ್ವಲ್ಪ ಒರಟು, ಬೆರಳಿಗೆ ಶ್ರಮ. ಆದರೆ ವಯರು ತುಂಡಾದರೆ ಹತ್ತು ನಿಮಿಷದ ಕೆಲಸ. ಬಿಡಿ ವಯರೊಂದು, ಪ್ಯಾಡು ಎರಡು ಜೊತೆ ಚೀಲದಲ್ಲಿದ್ದರೆ ಮಳೆಗಾಲದ ಘಾಟಿಗೂ ಸಾಕು. ಮಳೆಗಾಲದಲ್ಲಿ ಪ್ಯಾಡು ಸವೆಯುವ ವೇಗ ಕಂಪನಿಯ ಪುಸ್ತಕದಲ್ಲಿ ಇರುವುದಿಲ್ಲ, ಬೆಳಗ್ಗೆ ಹೊರಡುವಾಗ ಕಣ್ಣಾರೆ ನೋಡಬೇಕು.

ಇಷ್ಟು ಓದಿದ ಮೇಲೆ ಇನ್ನೊಂದು ಪಾಳಯದವರು ಎದ್ದು ನಿಲ್ಲುತ್ತಾರೆ. ಯಾವ ಸೈಕಲಾದರೂ ನಡೆಯುತ್ತದೆ, ಬೇಕಾದ್ದು ಎದೆಗಾರಿಕೆ, ಇತಿಹಾಸ ನೋಡಿ ಎನ್ನುತ್ತಾರೆ. 1923ರಲ್ಲಿ ಮುಂಬಯಿಯಿಂದ ಹೊರಟ ಆರು ಪಾರ್ಸಿ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗರಾ ಮೂವರು ಜಗತ್ತು ಸುತ್ತಿ 1928ರಲ್ಲಿ ಮರಳಿದರು. ಒಡಿಶಾದ ಪಿ.ಕೆ. ಮಹಾನಂದಿಯಾ 1977ರಲ್ಲಿ ಹಳೆಯ ಸೈಕಲಿನಲ್ಲಿ ದಿಲ್ಲಿಯಿಂದ ಸ್ವೀಡನ್ನಿನ ದಾರಿ ಹಿಡಿದರು. ಅವರಿಗೆಲ್ಲ ಯಾವ ಗೇರು, ಯಾವ ಡಿಸ್ಕು ಎಂದು ಕೇಳುತ್ತಾರೆ. ಇದೂ ಅಷ್ಟೇ ಸೋಮಾರಿ ವಾದ. ಅವರು ಹೋದದ್ದು ಅವರ ಛಲದಿಂದ. ಸಲಕರಣೆ ಹೇಗಿದ್ದರೂ ನಡೆಯುತ್ತದೆ ಎಂಬುದಕ್ಕೆ ಅದು ಪುರಾವೆಯಾಗುವುದಿಲ್ಲ.

ಐರ್ಲೆಂಡಿನ ಡರ್ವ್ಲಾ ಮರ್ಫಿಯ ಕತೆ ನೋಡಿ. 1963ರ ಚಳಿಯಲ್ಲಿ ಒಬ್ಬಳೇ ಸೈಕಲು ಹತ್ತಿ ಯೂರೋಪು, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದಿಲ್ಲಿಗೆ ಬಂದವಳು. ಹೊರಡುವ ಮೊದಲು ಆಕೆ ಸೈಕಲಿನ ಮೂರು ಗೇರಿನ ಡೀರೇಲರನ್ನು ತೆಗೆಸಿಹಾಕಿದಳು. ಏಷ್ಯಾದ ರಸ್ತೆಗಳಲ್ಲಿ ಅದು ಉಳಿಯದು ಎಂದು. ದಾರಿಯ ಊರುಗಳಿಗೆ ಬಿಡಿ ಟಯರುಗಳನ್ನು ಮುಂಚಿತವಾಗಿ ಕಳಿಸಿಟ್ಟಳು. ಅದು ಯಾವುದಾದರೂ ನಡೆಯುತ್ತದೆ ಎಂಬ ಉಡಾಫೆಯಲ್ಲ. ಎಲ್ಲಿ ಏನು ಕೆಡುತ್ತದೆ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂದು ಕೂತು ಯೋಚಿಸಿದ ಹೆಂಗಸಿನ ಆಯ್ಕೆ. ಅಂದಿನ ಡೀರೇಲರು ನಾಜೂಕಾಗಿತ್ತು, ಇವತ್ತಿನದು ಗಟ್ಟಿ. ಹಾಗಾಗಿ ಆಕೆಯ ಯೋಚನೆಯ ಕ್ರಮ ನಮಗೆ ಬೇಕು, ಗೇರಿಲ್ಲದ ಸೈಕಲು ಬೇಡ. ಉಡಾಫೆಯವರು ಆಕೆಯ ಹೆಸರು ಹೇಳುತ್ತಾರೆ, ಆ ಟಯರುಗಳ ವಿಷಯ ಹೇಳುವುದಿಲ್ಲ.

ಉಳಿದ ಸಾಮಾನಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸೈಕಲಿನ ಎರಡು ಕಿಲೋ ಇಳಿಸಲು ಲಕ್ಷ ಕೊಟ್ಟವರೇ ಮೂರು ಕಿಲೋದ ಟೆಂಟು, ಸ್ಟವ್ವು, ಗ್ಯಾಸಿನ ಡಬ್ಬಿ ಕಟ್ಟಿಕೊಂಡು ಬರುವುದನ್ನು ನೋಡಿದರೆ ನಗು ಬರುತ್ತದೆ. ಧರ್ಮಸ್ಥಳದಲ್ಲಿ ವಸತಿಯೂ ಇದೆ, ಊಟವೂ ಇದೆ. ಹೆಚ್ಚುಕಡಿಮೆ ಎಲ್ಲ ತಾಲೂಕು ಪೇಟೆಯಲ್ಲೂ ಒಂದು ಲಾಡ್ಜು, ಎಲ್ಲ ಕ್ರಾಸಿನಲ್ಲೂ ಗೋಳಿಬಜೆ ಸಿಗುವ ಹೋಟೆಲು. ಕುದುರೆಮುಖದ ಕಾಡಿನ ದಾರಿಯಲ್ಲಿ ಟೆಂಟು ಬಿಚ್ಚಿದರೆ ಅರಣ್ಯ ಇಲಾಖೆಯವರು ಎಬ್ಬಿಸುತ್ತಾರೆ. ಲಡಾಖಿನ ಪಟ್ಟಿಯನ್ನು ಇಲ್ಲಿಗೆ ತರುವುದೇಕೆ? ದುಬಾರಿ ತೊಗಲಿನ ಸೀಟು ವಿದೇಶಿಯರ ಪ್ರವಾಸ ಕಥನಗಳಲ್ಲಿ ದೇವರ ಸ್ಥಾನ ಪಡೆದಿದೆ. ನಮ್ಮ ಆಟಿ ತಿಂಗಳಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಒದ್ದೆಯಲ್ಲಿ ತುಳಿದರೆ ಜೋತುಬೀಳುತ್ತದೆ. ಹೆಸರು ನೋಡದೆ ಕುಂಡೆಗೆ ಹೊಂದುವ ಸೀಟು ಹುಡುಕಿ, ಅದಕ್ಕೆ ಸಮಯ ಕೊಡಿ. ದುಡ್ಡಿನಲ್ಲಿ ಆಗದ ಕೆಲಸ ಅದೊಂದೇ. ಬಟ್ಟೆ ನೆನೆಯದಿರಲು ಅಡಿಕೆ ಅಂಗಳದ ಹಳೆಯ ಟಾರ್ಪಾಲಿನ ತುಂಡು, ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಸಾಕು. ಕಾಲಿಗೆ ಸಾಮಾನ್ಯ ಚಪ್ಪಟೆ ಪೆಡಲು, ನಡೆಯಲೂ ಬರುವ ಚಪ್ಪಲಿ ಅಥವಾ ಬೂಟು. ಬಸದಿಯ ಮೆಟ್ಟಲಲ್ಲಿ ಬಿಚ್ಚಿಡಲು ಸುಲಭ. ಚೈನಿಗೆ ಗ್ಯಾರೇಜಿನ ಕರಿ ಆಯಿಲು ಹಾಕಬೇಡಿ, ಅದರೊಳಗೆ ಲೋಹದ ಪುಡಿ ಇರುತ್ತದೆ.

ಹಾಗಾದರೆ ಕಂಪನಿಯ ಹೆಸರು ನೋಡಿ ಕೊಳ್ಳಬೇಕಾದ್ದು ಏನೂ ಇಲ್ಲವೇ? ಒಂದಿದೆ. ಹಿಂದಿನ ಡೀರೇಲರನ್ನು ಫ್ರೇಮಿಗೆ ಸೇರಿಸುವ, ಬೆರಳುದ್ದದ ಅಲ್ಯುಮಿನಿಯಮ್ ತುಂಡು, ಹ್ಯಾಂಗರ್ ಎನ್ನುತ್ತಾರೆ. ಸೈಕಲು ಬಿದ್ದಾಗ ಫ್ರೇಮು ಉಳಿಯಲಿ ಎಂದು ಅದು ಮೊದಲು ಬಗ್ಗುವಂತೆ, ಮುರಿಯುವಂತೆಯೇ ಮಾಡಿರುತ್ತಾರೆ. ಕಂಪನಿಗೊಂದು, ಮಾದರಿಗೊಂದು ಆಕಾರ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಬಸ್ಸಿನ ಟಾಪಿನಲ್ಲಿ ಮಲಗಿಸಿದ ಸೈಕಲು ಕೆಳಗಿಳಿಯುವ ಹೊತ್ತಿಗೆ ಅದು ಸೊಟ್ಟಗಾಗಿರುವುದು ಸಾಮಾನ್ಯ. ಬೆಲೆ ಕೆಲವು ನೂರು ರೂಪಾಯಿ, ತೂಕ ಮೂವತ್ತು ಗ್ರಾಮಿನ ಸುತ್ತಮುತ್ತ. ಸೈಕಲು ಕೊಳ್ಳುವ ದಿನವೇ ಅದೇ ಬಿಲ್ಲಿನಲ್ಲಿ ಎರಡು ಹೆಚ್ಚುವರಿ ತೆಗೆದುಕೊಳ್ಳಿ, ಒಂದನ್ನು ಸೀಟಿನ ಕೆಳಗೆ ಕಟ್ಟಿಡಿ. ಎರಡು ವರ್ಷ ಬಿಟ್ಟು ಕೇಳಿದರೆ ಆ ಮಾದರಿ ನಿಂತಿದೆ ಸರ್ ಎನ್ನುತ್ತಾರೆ. ಬೇರೆಲ್ಲ ಸರಿಯಿದ್ದು ಆ ಒಂದು ತುಂಡು ಸಿಗದೆ ಕೊಟ್ಟಿಗೆಯ ಮಾಡಿಗೆ ಏರಿದ ಸೈಕಲುಗಳು ನಮ್ಮ ಸುತ್ತಲೇ ಇವೆ.